ದರೋಗಾನ ದಂತವೈದ್ಯ

ಎಲ್ಲಕ್ಕೂ ಕಾರಣ ಒಂದು ವಿಡಿಯೋ.

ಬೀದರಿನ ದಂತವೈದ್ಯ ಸತೀಶಕುಮಾರರು ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಮೊಬೈಲ್ ನೋಡುತ್ತಿದ್ದರು. ಯಾವುದೋ ಸಮುದ್ರದ ತಳದಲ್ಲಿ ಒಂದು ದಪ್ಪ ಮೀನು ಬಾಯಿ ಅಗಲಿಸಿ ನಿಂತಿತ್ತು. ಕೆಂಪು ಬೆನ್ನಿನ, ಬಿಳಿ ಮೀಸೆಯ ಪುಟ್ಟ ಸೀಗಡಿಯೊಂದು, ಬೀದರಿನವರ ಬಾಯಲ್ಲಿ ಝಿಂಗಾ, ಆ ಬಾಯೊಳಗೆ ಹೊಕ್ಕು, ಹಲ್ಲಿನ ಸಂದಿಯಿಂದ ಕಸ ಹೆಕ್ಕಿ ತಿನ್ನುತ್ತಿತ್ತು. ಮೀನು ಮಿಸುಕಲಿಲ್ಲ, ನರಳಲಿಲ್ಲ, "ಇನ್ನ ಎಷ್ಟೊತ್ತರಿ" ಎಂದು ಕೇಳಲಿಲ್ಲ.

"ಕೈಲಾಶ, ಇಲ್ಲಿ ಬಾ. ಪೇಷಂಟ್ ಅಂದ್ರ ಹಿಂಗಿರಬೇಕು ನೋಡು," ಎಂದರು ಡಾಕ್ಟರು, ಕೈಯ ರೊಟ್ಟಿ ಮರೆತು. "ನಮ್ಮ ದರೋಗಾಗ ಇಂಥಾದೊಂದು ಝಿಂಗಾ ತರಸಬೇಕು."

ಕೈಲಾಶ ಆ ದವಾಖಾನೆಯ ಕಂಪೌಂಡರ್. "ಹೌದ್ರಿ ಸರ್" ಎಂದ. ಡಾಕ್ಟರು ಏನು ಹೇಳಿದರೂ ಮೊದಲು ಹಾಗನ್ನುವುದು, ಆಮೇಲೆ ಅದರ ಅರ್ಥ ಹುಡುಕುವುದು ಅವನ ರೂಢಿ.

ದರೋಗಾ ಎಂದರೆ ಪೊಲೀಸ್ ಅಧಿಕಾರಿಯಲ್ಲ, ದವಾಖಾನೆಯ ಹೊರಕೋಣೆಯಲ್ಲಿದ್ದ ಉಪ್ಪುನೀರಿನ ಗಾಜಿನ ತೊಟ್ಟಿಯ ಏಕೈಕ ನಿವಾಸಿ. ಬೀದರಿಗೂ ಸಮುದ್ರಕ್ಕೂ ಇರುವ ನಂಟು ಅಡುಗೆಯ ಉಪ್ಪಿನಷ್ಟೇ. ಆದರೂ ಡಾಕ್ಟರು ಚೀಲಗಟ್ಟಲೆ ಸಮುದ್ರದ ಉಪ್ಪು ತರಿಸಿ, ನೀರಿಗೆ ಕಲಸಿ, ಮೋಟರ್ ಹಚ್ಚಿ, ಗೋಡೆಗೊಂದು ಸಮುದ್ರವನ್ನು ಒರಗಿಸಿ ನಿಲ್ಲಿಸಿದ್ದರು. ಅದರೊಳಗೆ ಬಿಟ್ಟ ಮೀನು ಕಪ್ಪು ಮೈಗೆ ಬಿಳಿ ಬೊಟ್ಟಿನದು. ಬಿದ್ರಿ ತಟ್ಟೆಗೆ ಜೀವ ಬಂದು ಈಜುತ್ತಿರುವಂತೆ ಕಾಣುತ್ತಿತ್ತು. ಹಳದಿ ತುಟಿ, ತುಟಿಯ ಹಿಂದೆ ಮನುಷ್ಯರದಂಥ ಹಲ್ಲು. ಆ ದವಾಖಾನೆಗೆ ಬರುವವರಲ್ಲಿ ಪೂರ್ತಿ ಹಲ್ಲಿದ್ದವನು ಅವನೊಬ್ಬನೇ. ಹಲ್ಲಿದ್ದವರಿಗೆ ಕಡಲೆ ಇರುವುದಿಲ್ಲ ಎಂಬ ಗಾದೆ ಉಳಿದವರಿಗೆ. ದರೋಗಾನಿಗೆ ಹಲ್ಲೂ ಇತ್ತು, ಕಡಲೂ ಇತ್ತು. ಜೊತೆಗೆಂದು ತಂದು ಬಿಟ್ಟ ಸಣ್ಣಪುಟ್ಟ ಮೀನುಗಳನ್ನೆಲ್ಲ ಅವನು ಸಾವಕಾಶವಾಗಿ ಮುಗಿಸಿ ಹಾಕಿದ್ದ. ಅವನ ಜಾತಕದಲ್ಲಿ ಮೀನ ಇತ್ತೇ ಹೊರತು ಮೇಷ ಇರಲಿಲ್ಲ; ಕಚ್ಚುವ ಮೊದಲು ಮೀನಮೇಷ ಎಣಿಸುವ ಅಭ್ಯಾಸ ಅವನಿಗಿರಲಿಲ್ಲ.

ಆ ಗುರುವಾರ ಬೆಳಿಗ್ಗೆ ಡಾಕ್ಟರು ಔರಾದ ಕಡೆಯ ಠಾಣಾ ಕುಶನೂರಿಗೆ ಹಲ್ಲಿನ ಶಿಬಿರಕ್ಕೆ ಹೊರಟರು. ಕಾರಿನ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ಹುಕುಂ ಕೊಟ್ಟರು.

"ಹೈದರಾಬಾದ್ ಬಸ್ಸಿನಾಗ ಝಿಂಗಾ ಬರ್ಲಕತ್ತದ. ಡಬ್ಬಿ ಇಳಿಸ್ಕೊಂಡು ಬಾ. ಸೀದಾ ಸುರೀಬ್ಯಾಡ. ನಮ್ಮ ನೀರು ಹನಿಹನಿ ಕೂಡಿಸಿ ಹೊಂದಸು. ಮೊದಲ ದರೋಗಾನ ಹೊಟ್ಟಿ ತುಂಬಸು. ಒಳಗಿನ ಕಲ್ಲು ಜಾಗಾ ಬದಲಿ ಮಾಡು. ಲೈಟ್ ಆರಸು. ನಾ ಸಂಜಿಕ ಬರೂತನಕ ಅದು ಜೀವಂತ ಇರ್ತದೋ ಇಲ್ಲೋ ನೋಡಮು. ಭಾಲ್ಕಿದು ಫೈಸಲಾ ಅದರ ಮ್ಯಾಲೇ ಅದ."

ಭಾಲ್ಕಿ ಎಂಬ ಹೆಸರು ಕಿವಿಗೆ ಬಿದ್ದದ್ದೇ ಕೈಲಾಶನ ಬೆನ್ನು ನೆಟ್ಟಗಾಯಿತು. ಡಾಕ್ಟರು ಭಾಲ್ಕಿಯಲ್ಲಿ ಎರಡನೇ ದವಾಖಾನೆ ತೆರೆಯುವವರಿದ್ದರು. ಅಲ್ಲಿಗೆ ಒಬ್ಬರನ್ನು ಕಳಿಸಬೇಕು. ಕೈಲಾಶನ ಮನೆ ಹಲಬರ್ಗಾದಲ್ಲಿ; ಹೆಂಡತಿ ಆಮ್ರಪಾಲಿಗೆ ಭಾಲ್ಕಿಯ ಸಾಲಿಯಲ್ಲಿ ಕಲಿಸುವ ಕೆಲಸ. ಭಾಲ್ಕಿ ಸಿಕ್ಕರೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ, ಬೆಳಕಿರುವಾಗಲೇ ಮನೆ ಸೇರಬಹುದು. ಈಗ ಅವನು ಮನೆ ಬಿಡುವಾಗ ಮಗಳು ಆರತಿ ಮಲಗಿರುತ್ತಾಳೆ, ಮನೆ ಸೇರುವಾಗಲೂ ಮಲಗಿರುತ್ತಾಳೆ. ರಜೆಯ ಐತವಾರ ಮಾತ್ರ ಎಚ್ಚರವಿರುವ ತಂದೆಯನ್ನು ಕಂಡು ಆ ಕೂಸು "ಮಾಮಾ ಬಂದಾನ" ಎಂದು ತಾಯಿಯ ಸೆರಗಿನ ಹಿಂದೆ ಅಡಗುತ್ತಿತ್ತು. ಆಮ್ರಪಾಲಿ ನಗುತ್ತಿದ್ದಳು. ಕೈಲಾಶನೂ ನಗುತ್ತಿದ್ದ, ಆಮೇಲೆ ಮುಖ ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದ.

ಆದರೆ ನಡುವೆ ಸಪನಾ ಇದ್ದಳು. ಡಾಕ್ಟರ ಕೈಗೆ ಇಕ್ಕಳ, ಸೂಜಿ ಕೊಡುವ ನರ್ಸು. ಅವಳ ಗಂಡನ ಮನೆಯೇ ಭಾಲ್ಕಿ. ಸ್ವಂತ ಮನೆ ಅಲ್ಲಿಟ್ಟುಕೊಂಡು ಬೀದರಿನಲ್ಲಿ ಗಂಡನ ಜೊತೆ ಬಾಡಿಗೆ ಖೋಲಿಯಲ್ಲಿರುವ ಹೆಣ್ಣುಮಗಳಿಗೆ ಭಾಲ್ಕಿ ಬೇಡವೇ? ಕೈಲಾಶನಿಗೆ ಇದು ಎರಡು ಕೂಡಿಸು ಎರಡರಷ್ಟು ಸ್ಪಷ್ಟವಾಗಿತ್ತು. ಡಾಕ್ಟರ ಕಾರು ತಿರುವಿನಲ್ಲಿ ಮರೆಯಾಗುವ ಮೊದಲೇ ಸಪನಾ ಫೋನು ಕಿವಿಗಿಟ್ಟು ಒಳಗೆ ಹೋಗಿ, "ಸರ್, ನಾ ನಿನ್ನಿ ಹೇಳಿದ್ದು ನೆನಪದ ಅಲ್ರಿ" ಎಂದು ಪಿಸುಗುಟ್ಟಿದ್ದನ್ನು ಅವನು ಕೇಳಿಸಿಕೊಂಡ. ಸಂಶಯ ಅವನ ಹೊಟ್ಟೆಯಲ್ಲಿ ನಾದಿಟ್ಟ ಹಿಟ್ಟಿನಂತೆ ಉಬ್ಬತೊಡಗಿತು.

ಅವನು ಡಬ್ಬಿ ಹೊತ್ತು ಬಸ್ ಸ್ಟ್ಯಾಂಡಿನಿಂದ ಬರುವಷ್ಟರಲ್ಲಿ ಹೊರಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಬಸವಣ್ಣೆಪ್ಪ, ನಿವೃತ್ತ ಜಮಾದಾರರು. ಒಂದು ಗಲ್ಲ ಉಬ್ಬಿ, ಅರ್ಧ ಮುಖ ಜಮಾದಾರರದು, ಇನ್ನರ್ಧ ಇನ್ಸ್‌ಪೆಕ್ಟರದು ಎಂಬಂತಿತ್ತು. ನೌಕರಿ ಮುಗಿದರೂ ಅವರ ಅನುಮಾನಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ. ಹಲ್ಲು ನೋಯುತ್ತಿದೆ ಎಂದರೆ ಯಾರ ಮೇಲೆ ಅನುಮಾನ ಎಂದು ಕೇಳುವ ಮನುಷ್ಯ. ಇನ್ನೊಬ್ಬರು ಶಾಕಿರಾ ಬೇಗಂ, ಕಟ್ಟುಹಲ್ಲಿನ ಅಳತೆಗೆ ಬಂದವರು. ಬಾಯಲ್ಲಿ ಹಲ್ಲಿರಲಿಲ್ಲ, ಅದರಿಂದ ಮಾತಿಗೇನೂ ಅಡ್ಡಿಯಾಗಿರಲಿಲ್ಲ. ಡಾಕ್ಟರು ಸಂಜೆ ಬರುತ್ತಾರೆಂದು ಗೊತ್ತಿದ್ದೂ ಇಬ್ಬರೂ ಬೆಳಿಗ್ಗೆಯೇ ಬಂದಿದ್ದರು. ಮನೆಯಲ್ಲಿ ಇಷ್ಟು ಮನರಂಜನೆ ಇರುವುದಿಲ್ಲ.

ಕೈಲಾಶ ಝಿಂಗಾ ಇದ್ದ ಪ್ಲಾಸ್ಟಿಕ್ ಚೀಲವನ್ನು ಬಕೆಟ್ಟಿಗೆ ಬಿಡಿಸಿ, ಸಲಾಯಿನ್ ಕೊಳವೆಯಿಂದ ತೊಟ್ಟಿಯ ನೀರನ್ನು ಅದರೊಳಗೆ ಹನಿಹನಿಯಾಗಿ ಬಿಡತೊಡಗಿದ.

"ಸಲಾಯಿನ್ ಹಚ್ಚೀರಿ," ಎಂದರು ಬಸವಣ್ಣೆಪ್ಪ ಬಗ್ಗಿ ನೋಡಿ. "ಪೇಷಂಟ್ ಭಾಳ ಸೀರಿಯಸ್ ಅದ ಏನು?"

"ಇಲ್ರಿ ಕಾಕಾ. ಹೊಸಾ ನೀರಿಗಿ ಹೊಂದಬೇಕಲ್ರಿ."

"ಹೈದರಾಬಾದ್‌ದಿಂದ ಬಂದವ್ರಿಗಿ ಬೀದರ್ ನೀರು ಹೊಂದಲ್ಲ ಬೇಟಾ," ಎಂದರು ಶಾಕಿರಾ ಬೇಗಂ. "ನಮ್ಮ ಸೊಸಿಗಿ ಇನ್ನತನಕ ಹೊಂದಿಲ್ಲ."

ಮುಂದಿನದು ಕಲ್ಲು ಸರಿಸುವ ಕೆಲಸ. ಕಲ್ಲಿನ ಜಾಗ ಬದಲಾದರೆ ಮೀನಿಗೆ ತನ್ನ ಮನೆ ಯಾವುದೆಂದು ತಿಳಿಯದೆ, ಹೊಸಬರ ಮೇಲೆ ಜಗಳಕ್ಕೆ ಹೋಗುವ ಧೈರ್ಯ ಬರುವುದಿಲ್ಲ ಎಂದು ಕೈಲಾಶ ಡಾಕ್ಟರ ಮಾತನ್ನು ಅವರದೇ ಗಂಟಲಿನಲ್ಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿದವರ ಹಾಗೆ ಹೇಳಿ ತೋರಿಸಿದ. ಅನುಕರಣೆ ಅಷ್ಟು ಸರಿಯಾಗಿತ್ತೆಂದರೆ ಶಾಕಿರಾ ಬೇಗಂ ಅಭ್ಯಾಸಬಲದಿಂದ ಬಾಯಿ ತೆರೆದರು.

"ನಮಗ ಟ್ರಾನ್ಸ್‌ಫರ್ ಮಾಡ್ದಂಗೇ ಆಯ್ತು," ಎಂದು ಬಸವಣ್ಣೆಪ್ಪ ತಲೆದೂಗಿದರು. "ಹೊಸಾ ಠಾಣೆಕ ಹೋದ ಮ್ಯಾಲ ನಾಕ ದಿನ ಯಾರಿಗೂ ಬಡೀತಿದ್ದಿಲ್ಲ ನಾವೂ."

ದರೋಗಾ ಮಾತ್ರ ವರ್ಗಾವಣೆಯನ್ನು ಒಪ್ಪಲಿಲ್ಲ. ಕೈಲಾಶ ಎರಡನೇ ಕಲ್ಲಿಗೆ ಕೈ ಹಾಕಿದ್ದೇ ತಡ, ಬಂದು ತೋರುಬೆರಳಿಗೆ ಹಲ್ಲು ನೆಟ್ಟ. ರಕ್ತ ಜಿನುಗಿತು. ಕೈಲಾಶ ಹಲ್ಲು ಕಚ್ಚಿ ನೋವು ತಡೆದ. ಹಲ್ಲು ಕಚ್ಚುವುದರಲ್ಲಿ ಆ ಹೊತ್ತು ಇಬ್ಬರೂ ಸಮಸಮ. ಹೇಗೋ ಕಲ್ಲು ಸರಿಸಿ, ದರೋಗಾನಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ, ದೀಪ ಆರಿಸಿ, ಝಿಂಗಾವನ್ನು ಮೆಲ್ಲಗೆ ಇಳಿಬಿಟ್ಟ. ಅದು ಉದ್ದ ಬಿಳಿ ಮೀಸೆ ಆಡಿಸುತ್ತ, ನೆಂಟರ ಮನೆಗೆ ಮೊದಲ ಸಲ ಬಂದ ಅಳಿಯನ ಹಾಗೆ ಹೆಜ್ಜೆಹೆಜ್ಜೆಗೂ ನಿಂತು, ಒಂದು ಕಲ್ಲಿನ ಹಿಂದೆ ಸರಿಯಿತು. ದರೋಗಾ ಮೂಲೆಯಲ್ಲಿ ತೇಗು ಬಂದವನಂತೆ ನಿಂತಿದ್ದ.

ಕೈಲಾಶ ನಿಟ್ಟುಸಿರು ಬಿಟ್ಟು, ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು, ಎದುರಿನ ಅಂಗಡಿಯಲ್ಲಿ ಚಾ ಕುಡಿದು ಬಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ತೊಟ್ಟಿಯ ದೀಪ ಹತ್ತಿತ್ತು. ಮುಂದಿನ ಮರಳಿನ ಮೇಲೆ ಝಿಂಗಾ ಬಿದ್ದಿತ್ತು. ಝಿಂಗಾ ಅನ್ನುವುದಕ್ಕಿಂತ ಅದರ ಅಂಗಿ: ತಲೆ, ಬೆನ್ನು, ಬಾಲ, ಕಾಲು, ಮೀಸೆ ಎಲ್ಲ ಇದ್ದವು, ಒಳಗೆ ಯಾರೂ ಇರಲಿಲ್ಲ. ಗಾಜಿನಷ್ಟು ತೆಳ್ಳಗಿನ ಚಿಪ್ಪು. ಅದರ ಪಕ್ಕದಲ್ಲೇ ದರೋಗಾ ಪಹರೆ ನಿಂತಿದ್ದ.

ಕೈಲಾಶ ಓಡಿಬಂದು ಗಾಜಿಗೆ ಮೂಗು ಹಚ್ಚಿದ.

"ಯಾರೂ ಜಾಗಾ ಬಿಟ್ಟು ಏಳಬ್ಯಾಡ್ರಿ," ಎಂದರು ಬಸವಣ್ಣೆಪ್ಪ, ತಾವು ಎದ್ದು ನಿಂತು. ಉಬ್ಬಿದ ಗಲ್ಲ ಒಮ್ಮೆಲೇ ಅಧಿಕಾರದಿಂದ ಉಬ್ಬಿದಂತೆ ಕಾಣಿಸಿತು. "ಲೈಟ್ ಯಾರು ಹಚ್ಚಿದ್ರು?"

"ನಾನೇ ಹಚ್ಚಂದೆ," ಎಂದರು ಶಾಕಿರಾ ಬೇಗಂ. "ಹೊಸಬರು ಬಂದಾರ, ಮಾರಿ ನೋಡಬಾರದಾ?"

"ಹಚ್ಚಿದ ಕೈ ಯಾರದು?"

"ಸಪನಾದು."

ಕೈಲಾಶ ಸಪನಾಳ ಕಡೆ ನೋಡಿದ. ನೋಡದಿದ್ದರೂ ಅವನಿಗೆ ಗೊತ್ತಿತ್ತು.

ಬಸವಣ್ಣೆಪ್ಪ ಚಮಚದಿಂದ ಚಿಪ್ಪನ್ನು ಎತ್ತಿಸಿ, ಹತ್ತಿಯ ಮೇಲಿಟ್ಟು, ಬೆಳಕಿಗೆ ಹಿಡಿದರು. "ಮಾಂಸ ಎಲ್ಲಾ ತಿಂದು ಸಿಪ್ಪಿ ಉಗಳ್ಯಾನ ದರೋಗಾ. ಸಾಫ್ ಕೇಸ್."

"ಏನ್ ಖಾಕ್ ಸಾಫ್," ಎಂದರು ಶಾಕಿರಾ ಬೇಗಂ. "ನಾ ಎಷ್ಟು ಝಿಂಗಾ ಸುಲದೀನಿ ಈ ಕೈಲೆ. ಮೀಸಿ ಸೈತ ಮುರೀದಂಗ ಹಿಂಗ ಸುಲೀಲಿಕ್ಕಿ ನನಗೂ ಆಗಿಲ್ಲ. ಆ ಮೀನು ಕಚಾಕಚಾ ಕಡೀತದ, ಕುಂತು ಸುಲೀತದೇನು?"

ಮಾತಿನಲ್ಲಿ ತೂಕವಿತ್ತು. ಆದರೆ ಜಮಾದಾರರ ತಲೆಯಲ್ಲಿ ಅದು ಬೇರೆ ದಿಕ್ಕಿಗೆ ಉರುಳಿತು. ಅವರು ಬೇಗಂ ಸಾಹೇಬರ ಊಟದ ಡಬ್ಬಿಯ ಮೇಲೆ ಕಣ್ಣು ನೆಟ್ಟರು.

"ಅಂದ್ರ ಸುಲೀಲಿಕ್ಕಿ ಬರೂ ಮಂದಿ ಕೆಲಸ. ಡಬ್ಬಿದಾಗ ಏನದ?"

"ಖಿಚಡಿ ಅದ. ಹಲ್ಲಿಲ್ಲದವ್ಳು ಝಿಂಗಾ ಕದ್ದು ಏನ್ ಮಾಡ್ಲಿ, ಚೀಪ್ಲಾ?"

ಡಬ್ಬಿ ತೆರೆಸಿ ನೋಡಿದ್ದಾಯಿತು. ಖಿಚಡಿಯೇ. ಜಮಾದಾರರು ಸಮಾಧಾನಕ್ಕೆ ಒಂದು ತುತ್ತು ತಿಂದು ನೋಡಿ, ಉಪ್ಪು ಕಡಿಮೆ ಎಂದು ಷರಾ ಬರೆದರು.

ಈ ಗದ್ದಲದ ನಡುವೆ ಕ್ಲಿಕ್ ಎಂಬ ಸದ್ದು. ಸಪನಾ ಚಿಪ್ಪಿನ ಫೋಟೋ ತೆಗೆದಿದ್ದಳು. ಕೈಲಾಶ ಗಿಡುಗದಂತೆ ಎರಗಿದ.

"ಯಾರಿಗಿ ಕಳಸ್ಲಕತ್ತಿ?"

"ಸರ್‌ಗಿ ಕಳಸ್ತೇನಿ ಅಣ್ಣ. ಹೇಳಬೇಕಲ್ರಿ. ನೀವು ಒಂದ್ ಮಾತು ಕೇಳ್ರಿ ಇಲ್ಲಿ..."

"ಏನೂ ಕೇಳಲ್ಲ. ಮೊದಲ ಅದು ಅಳಸು."

"ಅಣ್ಣ, ನಿಮ್ಮ ಸಲುವಾಗೇ..."

"ನನ್ನ ಸಲುವಾಗಿ ಇಷ್ಟು ಉಪಕಾರ ಮಾಡು ತಂಗಿ, ಅಳಸಿಬಿಡು. ನನ್ನ ಕೂಸು ನನಗ ಮಾಮಾ ಅಂತದ, ಗೊತ್ತದೇನು ನಿನಗ?"

ಸಪನಾ ಅವನನ್ನೇ ಒಂದು ಗಳಿಗೆ ನೋಡಿದಳು. ಬಾಯಿ ತೆರೆದಳು. ಅವನು ಎರಡೂ ಕೈ ಮುಗಿದು ನಿಂತಿದ್ದ, ಪಟ್ಟಿ ಕಟ್ಟಿದ ಬೆರಳು ಬೇರೆಯೇ ನಮಸ್ಕಾರ ಮಾಡುತ್ತಿತ್ತು. ಅವಳು ಬಾಯಿ ಮುಚ್ಚಿ, ಫೋಟೋ ಅಳಿಸಿ, ಫೋನನ್ನೇ ತಿರುಗಿಸಿ ತೋರಿಸಿದಳು. ಇಷ್ಟು ಸಲೀಸಾಗಿ ಒಪ್ಪಿದಳೆಂದರೆ ಇದರಲ್ಲೂ ಏನೋ ಇದೆ ಎಂದು ಕೈಲಾಶನ ಸಂಶಯ ಇನ್ನೊಂದು ಸುತ್ತು ಉಬ್ಬಿತು.

ಆಗಲೇ ದವಾಖಾನೆಯ ಫೋನು ಬಡಿದುಕೊಂಡಿತು. ಡಾಕ್ಟರು.

"ಕೈಲಾಶ, ಝಿಂಗಾ ಹ್ಯಾಂಗದ?"

"ಮಸ್ತ್ ಅದರಿ ಸರ್."

"ದರೋಗಾ ಏನೂ ಮಾಡಿಲ್ಲಾ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸುಳ್ಳು ಎಂಬುದು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲು. ಕೂತವನಿಗೆ ಬ್ರೇಕು ನೆನಪಾಗುವುದು ಕೆಳಗೆ ತಲುಪಿದ ಮೇಲೆ.

"ಏನೂ ಮಾಡಿಲ್ರಿ ಸರ್. ಬಾಯಿ ತೆರಕೊಂಡು ನಿಂತಾನ. ಝಿಂಗಾ ಒಳಗ ಹೋಗಿ ಹಲ್ಲು ತಿಕ್ಲಕತ್ತದ. ಮ್ಯಾಲಿನ ಸಾಲು ಮುಗದದ, ಈಗ ಕೆಳಗಿಂದು ಚಾಲೂ ಅದ."

ಆ ಕಡೆ ಡಾಕ್ಟರ ದನಿ ಖುಷಿಗೆ ಒಮ್ಮೆಲೇ ಏರಿತು. "ವಿಡಿಯೋ ಮಾಡಿ ಕಳಸು."

"ನೆಟ್ ಇಲ್ರಿ ಸರ್."

"ಹಂಗಾದ್ರ ನಾನೇ ಬರ್ತೇನಿ. ಇಲ್ಲಿ ನಾಕೇ ಮಂದಿ ಉಳದಾರ. ಲಗೂ ಲಗೂ ಕಿತ್ತು ಬರ್ತೇನಿ."

ಕೈಲಾಶ ಫೋನಿಟ್ಟು, ಆ ನಾಲ್ಕು ಮಂದಿಯ ಕ್ಷಮೆಯನ್ನು ಮನಸ್ಸಿನಲ್ಲೇ ಬೇಡಿ, ಊರಲ್ಲಿ ಮೀನಿನ ತೊಟ್ಟಿ ಮಾರುವ ರಶೀದ ಅಹ್ಮದನಿಗೆ ಫೋನು ಹಚ್ಚಿದ. ಕೆಂಪು ಬೆನ್ನು, ನಡುವೆ ಬಿಳಿ ಪಟ್ಟಿ, ಉದ್ದ ಮೀಸೆ, ಉಪ್ಪುನೀರಿನದು, ಈಗಲೇ ಬೇಕು.

"ಕೈಲಾಶಭಾಯ್," ಎಂದ ರಶೀದ ಅಹ್ಮದ ನಿಧಾನಕ್ಕೆ, "ಬೀದರಿನಾಗ ಝಿಂಗಾ ಐಸಿನ ಮ್ಯಾಲ ಮಲಗಿದ್ದು ಸಿಗ್ತದ. ಅದು ಹಲ್ಲು ತಿಕ್ಕಲ್ಲ. ಹಲ್ಲಿಗಿ ಸಿಗ್ತದ, ಅಷ್ಟೇ."

ಕೈಲಾಶ ತಲೆಯ ಮೇಲೆ ಕೈ ಹೊತ್ತು ಒಳಕೋಣೆಯಲ್ಲಿ ಕುಕ್ಕರಿಸಿದ. ಎದುರಿನ ಮೇಜಿನ ಮೇಲೆ ಶಾಕಿರಾ ಬೇಗಂ ಅವರ ಕಟ್ಟುಹಲ್ಲಿಗೆಂದು ತೆಗೆದಿಟ್ಟ ಗುಲಾಬಿ ಮೇಣದ ಹಾಳೆ ಇತ್ತು. ಈ ಮೇಣವನ್ನು ಕಾಸಿ, ತಿದ್ದಿ, ಒಸಡು ಮಾಡಿ, ಅದರಲ್ಲಿ ಹಲ್ಲು ಜೋಡಿಸಿ ಕೊಡುವುದು ಅವನದೇ ಕೆಲಸ. ಎಷ್ಟೋ ಬೋಳು ಬಾಯಿಗಳು ಅವನ ಮೇಣದಿಂದ ನಕ್ಕಿದ್ದವು.

ಹಲ್ಲಿಲ್ಲದವರಿಗೆ ಕಟ್ಟುಹಲ್ಲು ನಡೆಯುತ್ತದೆ ಎಂದಾದರೆ, ಝಿಂಗಾ ಇಲ್ಲದವರಿಗೆ ಕಟ್ಟುಝಿಂಗಾ ಯಾಕೆ ನಡೆಯಬಾರದು?

ಸ್ಪಿರಿಟ್ ದೀಪ ಹತ್ತಿತು. ಮೇಣ ಮೆತ್ತಗಾಯಿತು. ಹತ್ತಿಯ ಮೇಲಿದ್ದ ಚಿಪ್ಪನ್ನು ಮಾದರಿಯಾಗಿಟ್ಟುಕೊಂಡು ಕೈಲಾಶ ಬಾಗಿದ ಬೆನ್ನು ತಿದ್ದಿದ, ಬಾಲದ ಬೀಸಣಿಗೆ ಕತ್ತರಿಸಿದ, ಕುಳಿಹಲ್ಲು ತುಂಬುವ ಬಿಳಿ ಸಿಮೆಂಟಿನಿಂದ ಬೆನ್ನಿಗೆ ಪಟ್ಟಿ ಎಳೆದ, ಹಲ್ಲಿನ ಸಂದಿ ತಿಕ್ಕುವ ದಾರದಿಂದ ಮೀಸೆ ನೆಟ್ಟ. ಮೇಣ ನೀರಿನಲ್ಲಿ ತೇಲುತ್ತದೆ. ಅದೇ ದಾರದಿಂದ ಅದನ್ನು ಕಲ್ಲಿನ ಬುಡಕ್ಕೆ ಕಟ್ಟಿದ. ಮೋಟರಿನ ಅಲೆಗೆ ಅದು ಮೀಸೆ ಕುಣಿಸುತ್ತ ತೂಗಿತು. ಮುಗಿಸಿ ಎದ್ದಾಗ ಅವನಿಗೇ ಒಂದು ಗಳಿಗೆ, ಇಷ್ಟು ಚೆಲುವಾದದ್ದನ್ನು ಆ ಕಟುಕನ ಎದುರಿಗೆ ಕಟ್ಟಬೇಕಾಯಿತಲ್ಲ ಎಂದು ಕರುಳು ಚುರುಕ್ ಎಂದಿತು.

"ಜೀವ ಬಂದದ," ಎಂದರು ಶಾಕಿರಾ ಬೇಗಂ. "ಬಣ್ಣ ಎಲ್ಲೋ ನೋಡ್ದಂಗದ."

"ನಾ ಇದು ನೋಡಿಲ್ಲ," ಎಂದರು ಬಸವಣ್ಣೆಪ್ಪ, ಕಣ್ಣು ಕೀಲಿಸಿ ನೋಡುತ್ತ.

"ಅಣ್ಣ, ಈಗರ ನನ್ನ ಮಾತು ಕೇಳ್ರಿ," ಎಂದಳು ಸಪನಾ. "ಸರ್ ನಿನ್ನಿ ನನಗ..."

ಹೊರಗೆ ಕಾರಿನ ಹಾರ್ನ್ ಕೇಳಿಸಿತು. ಕೈಲಾಶ ತುಟಿಯ ಮೇಲೆ ಪಟ್ಟಿ ಕಟ್ಟಿದ ಬೆರಳಿಟ್ಟು ಅವಳನ್ನು ಸುಮ್ಮನಾಗಿಸಿದ.

ಡಾಕ್ಟರು ಕುಶನೂರಿನ ಧೂಳು ಸಮೇತ ಒಳಗೆ ಬಂದರು. ಚಪ್ಪಲಿ ಬಿಡಲಿಲ್ಲ, ಯಾರ ಗಲ್ಲವನ್ನೂ ನೋಡಲಿಲ್ಲ. ತೊಟ್ಟಿಯ ಎದುರು ಮೊಣಕಾಲೂರಿದರು. ಕನ್ನಡಕ ಹಣೆಗೇರಿಸಿದರು, ಇಳಿಸಿದರು.

"ಅದೋ ಅಲ್ಲದ. ಎಂಥ ಚಂದ ಅದ. ಎಷ್ಟ್ ಶಾಂತ ನಿಂತದ ನೋಡು."

"ಭಾಳ ಶಾಂತ ಅದರಿ ಸರ್," ಎಂದ ಕೈಲಾಶ. "ದಣದದ. ಮುಂಜಾನಿಂದ ಒಂದೇ ಸವನೆ ಡ್ಯೂಟಿ."

ಅಷ್ಟು ಹೊತ್ತು ಮೂಲೆಯಲ್ಲಿ ತೂಕಡಿಸುತ್ತಿದ್ದ ದರೋಗಾ ಆಗ ಕಣ್ಣು ಹೊರಳಿಸಿದ. ಬೆಳಗಿನ ಊಟ ಕರಗಿತ್ತು. ಮೆಲ್ಲಗೆ ಬಂದ. ಕಟ್ಟುಝಿಂಗಾದ ಸುತ್ತ ಒಂದು ಸುತ್ತು ಹಾಕಿದ. ಕೈಲಾಶ ತಾನು ನಂಬುವ ದೈವಗಳ ಜೊತೆಗೆ ಶಾಕಿರಾ ಬೇಗಂ ನಂಬುವವರನ್ನೂ ನೆನೆದ. ಅದೇ ಹೊತ್ತಿಗೆ ಡಾಕ್ಟರ ಮೂಗಿಗೆ ಕುಶನೂರಿನ ಧೂಳು ಹೊಕ್ಕಿತು. ಅವರು ಕಣ್ಣು ಮುಚ್ಚಿ ಮೂರು ಸಲ ಸೀನಿದರು.

ಮೊದಲ ಸೀನಿಗೆ ದರೋಗಾ ಕಟ್ಟುಝಿಂಗಾದ ತಲೆಯ ಕಡೆಯಿಂದ ಕಚ್ಚಿದ. ಎರಡನೆಯದಕ್ಕೆ ದಾರ ಹರಿದು ಬಾಲದ ತುಂಡು ಬುಳಕ್ಕನೆ ಮೇಲೆ ತೇಲಿತು. ಮೂರನೆಯದಕ್ಕೆ ಬಸವಣ್ಣೆಪ್ಪ ಕೈ ಚಾಚಿ ಆ ಬಾಲವನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡರು. ಸಾಕ್ಷ್ಯ ಎತ್ತುವುದರಲ್ಲಿ ಅವರ ಕೈ ಇನ್ನೂ ಸೇವೆಯಲ್ಲಿತ್ತು.

ಡಾಕ್ಟರು ಕಣ್ಣು ತೆರೆದಾಗ ದರೋಗಾ ಬಾಯಿ ಅಗಲಿಸಿ ನಿಂತಿದ್ದ. ಅಗಲಿಸದೆ ಗತಿ ಇರಲಿಲ್ಲ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಗುಲಾಬಿ ಮೇಣ ಮೆತ್ತಿಕೊಂಡು, ಮುಚ್ಚಲು ಹೋದರೆ ಅಂಟುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನ ಮುಖದಲ್ಲಿ ರೋಗಿಯ ಕಳೆ ಬಂದಿತ್ತು.

ಮುಗಿಯಿತು ಎಂದುಕೊಂಡ ಕೈಲಾಶ. ಝಿಂಗಾ ಎಲ್ಲಿ ಎಂದು ಡಾಕ್ಟರು ಈಗ ಕೇಳುತ್ತಾರೆ.

ಡಾಕ್ಟರು ಕೇಳಲಿಲ್ಲ. ಯಾಕೆಂದರೆ ಆಗ ಹಿಂದಿನ ಕಲ್ಲಿನ ಮರೆಯಿಂದ ಎರಡು ಬಿಳಿ ಮೀಸೆಗಳು ಹೊರಬಂದವು. ಮೀಸೆಯ ಹಿಂದೆ ಕೆಂಪು ಬೆನ್ನು. ಬೆಳಿಗ್ಗೆಗಿಂತ ತುಸು ದೊಡ್ಡದಾಗಿ, ಥಳಥಳ ಹೊಳೆಯುತ್ತ, ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟು ಓಣಿಗೆ ಬಂದವರ ಠೀವಿಯಲ್ಲಿ ಝಿಂಗಾ ನಡೆದುಬಂತು. ಸೀದಾ ದರೋಗಾನ ಕೆಳತುಟಿ ಹತ್ತಿತು. ಒಳಗೆ ಹೊಕ್ಕಿತು. ಸಣ್ಣ ಚಿಮಟಿಗೆಯಂಥ ಕೈಗಳಿಂದ ಮೇಣದ ಚೂರುಗಳನ್ನು ಒಂದೊಂದಾಗಿ ಕಿತ್ತು ಹೊರಗೆ ಎಸೆಯತೊಡಗಿತು. ದರೋಗಾ ಮಿಸುಕಲಿಲ್ಲ.

ಡಾಕ್ಟರ ಕಣ್ಣಂಚಿನಲ್ಲಿ ನೀರು ಬಂದಿತ್ತು.

"ನೋಡ್ರಿ, ಎಲ್ಲರೂ ನೋಡ್ರಿ. ಒಸಡು ಹ್ಯಾಂಗ ಗುಲಾಬಿ ಆಗ್ಯಾವು. ನಾಕ ದಿನದಾಗ ಅಲ್ಲ, ಒಂದೇ ದಿನದಾಗ. ನಾ ಮಂದಿಗಿ ಹೇಳಿ ಹೇಳಿ ಸಾಕಾಗದ, ದಿನಾ ತಿಕ್ರಿ ಅಂತ."

ಬಸವಣ್ಣೆಪ್ಪ ಇನ್ನು ತಡೆಯಲಾರದೆ ಹತ್ತಿಯ ಮೇಲಿನ ಚಿಪ್ಪನ್ನು ಮುಂದೆ ಹಿಡಿದರು. "ಸಾಹೇಬ್ರ, ಅದು ಅಲ್ಲಿ ಅದ ಅಂದ್ರ ಇದು ಯಾರು?"

ಡಾಕ್ಟರು ಚಿಪ್ಪನ್ನು ನೋಡಿ ಇನ್ನಷ್ಟು ಅರಳಿದರು.

"ಪೊರಿ ಬಿಟ್ಟದ. ಹಾವು ಬಿಡಲ್ಲೇನು, ಹಂಗ ಇದೂ ಬೆಳೀವಾಗ ಹಳೀ ಚಿಪ್ಪು ಕಳಚಿ ಇಡ್ತದ. ಹೊಸಾದು ಗಟ್ಟಿ ಆಗೂತನಕ ಮರೀಗಿ ಕೂಡ್ತದ. ಬಂದ ದಿನಾನೇ ಪೊರಿ ಬಿಟ್ಟು, ಲಗೂನೇ ಹೊರಗೂ ಬಂದದ ಅಂದ್ರ ಈ ಮನಿ ಅದಕ್ಕ ಎಷ್ಟು ಹಿಡಿಸಿರಬೇಕು. ಕೈಲಾಶ, ನಿನ್ನ ಕೈಗುಣ ಇದು."

"ನಾ ಹೇಳಿದ್ದಿಲ್ಲಾ," ಎಂದು ಶಾಕಿರಾ ಬೇಗಂ ಜಮಾದಾರರ ಕಡೆ ತಿರುಗಿದರು. "ಸುಲದಿದ್ದಲ್ಲ ಅಂತ. ನನ್ನ ಖಿಚಡಿ ಹೊಳ್ಳಿ ಕೊಡ್ರಿ."

ಕೈಲಾಶನ ಎದೆಯೊಳಗೆ ಭಾಲ್ಕಿಯ ಬಸ್ಸು ಹಾರ್ನ್ ಹೊಡೆಯಿತು. ಸ್ಕೂಟರು ಕಂಡಿತು, ಹಿಂದೆ ಕೂತ ಆಮ್ರಪಾಲಿ ಕಂಡಳು, ಬಾಗಿಲಲ್ಲಿ ಎಚ್ಚರವಾಗಿ ನಿಂತ ಆರತಿ ಕಂಡಳು. ಡಾಕ್ಟರು ಅವನ ಹೆಗಲ ಮೇಲೆ ಕೈ ಇಟ್ಟರು.

"ನಿನ್ನಿತನಕ ನನಗ ಡೌಟ್ ಇತ್ತು. ಈಗ ಫೈಸಲಾ ಆಯ್ತು. ಈ ಟ್ಯಾಂಕಿಗಿ ನಿನ್ನಂಥಾವ ಬೇಕು. ದರೋಗಾ ನಿನ್ನ ಮಾತು ಕೇಳ್ತಾನ. ನೀ ಫೋನಿನಾಗ ಏನು ಹೇಳಿದ್ದೆಲಾ, ಹೆಚ್ಚಿಲ್ಲ ಕಡಿಮಿಲ್ಲ, ಕಣ್ಣಾರೆ ನೋಡ್ದೆ. ನೀ ಬೀದರ್ ಬಿಟ್ಟು ಎಲ್ಲೂ ಹೋಗಂಗಿಲ್ಲ. ಭಾಲ್ಕಿಗಿ ಸಪನಾ ಹೋಗ್ತಾಳ."

ಕೈಲಾಶ ಬಾಯಿ ತೆರೆದ. ದರೋಗಾನಷ್ಟೇ ಅಗಲ. ಫೋನಿನಲ್ಲಿ ಹೇಳಿದ್ದು ಸುಳ್ಳು ಎಂದರೆ ನೌಕರಿಗೇ ಕುತ್ತು. ನಿಜ ಎಂದರೆ ಭಾಲ್ಕಿಗೆ ಕುತ್ತು. ಒಳಗೆ ಹೋಗಿ ಹೆಕ್ಕಿ ತೆಗೆಯಲು ಅವನಿಗೆ ಯಾವ ಝಿಂಗಾವೂ ಇರಲಿಲ್ಲ.

"ಹೌದ್ರಿ ಸರ್," ಎಂದ.

ಡಾಕ್ಟರು ಕೈ ತೊಳೆಯಲು ಒಳಗೆ ಹೋದರು. ಸಪನಾ ಕುರ್ಚಿಯ ಮೇಲೆ ಕುಸಿದಳು. ಗೆದ್ದವಳ ಮುಖ ಹಾಗಿರುವುದಿಲ್ಲ.

"ಸಮಾಧಾನ ಆಯ್ತೇನು ತಂಗಿ," ಎಂದ ಕೈಲಾಶ. "ಬೇಕಾದ್ದು ಸಿಕ್ತಲಾ."

"ಭಾಲ್ಕಿ ನನಗ ಯಾಕ ಬೇಕ್ರಿ ಅಣ್ಣ?" ಎಂದಳು ಸಪನಾ. "ನಮ್ಮ ಅತ್ತಿ ಮನಿ ಆ ಹೊಸಾ ದವಾಖಾನಿ ಎದುರಿಗೇ ಅದ. ಅತ್ತಿ ಕಿಡಕ್ಯಾಗ ಕುಂತು, ನಾ ಎಷ್ಟು ಸಲ ನೀರು ಕುಡ್ದೆ ಅಂತ ಸೈತ ಎಣಸ್ತಾರ. ಅವ್ರ ಕೈ ತಪ್ಪಿಸ್ಕೊಂಡು ಬೀದರಿಗಿ ಬಂದು ಖೋಲಿ ಮಾಡೀವಿ ನಾವು. ನಿನ್ನಿ ನಾನೇ ಸರ್‌ಗಿ ಹೇಳಿದ್ದೆ, ಕೈಲಾಶಣ್ಣಗ ಮೀನು ಆಗಿಬರಲ್ಲ, ಅವ್ರಿಗಿ ಭಾಲ್ಕಿಗಿ ಕಳಸ್ರಿ, ಟ್ಯಾಂಕ್ ನಾ ನೋಡ್ಕೋತೇನಿ ಅಂತ. ಅದಕ್ಕ ಸರ್ ಅಂದಿದ್ರು, ನೋಡಮು, ನಾಳಿ ಝಿಂಗಾ ಅವನ ಕೈಯಾಗ ಸತ್ರ ಅವಂಗೇ ಭಾಲ್ಕಿ, ಉಳೀತಂದ್ರ ಅವ ಇಲ್ಲೇ, ಅಂತ."

ಕೈಲಾಶ ಆ ಲೆಕ್ಕವನ್ನು ತಿರುಗಿಸಿ ಕೇಳಿದ.

"ಸತ್ರ ಭಾಲ್ಕಿ?"

"ಹ್ಞೂಂರಿ. ಸತ್ತದಂತ ತಿಳಕೊಂಡೇ ಸರ್‌ಗಿ ಕಳಸ್ಲಿಕ್ಕಿ ಫೋಟೋ ತಗದಿದ್ದೆ. ಅದೊಂದು ಮುಟ್ಟಿದ್ರ ಸಾಕಿತ್ತು, ಆಗಲೇ ಫೈಸಲಾ ಆಗ್ತಿತ್ತು. ನೀವು ಕೈ ಮುಗದು ಅಳಸಿಸಿದ್ರಿ. ನಿಮ್ಮ ಕೂಸಿನ ಹೆಸರು ತಗದ್ರಿ, ನನಗ ಮುಂದ ಮಾತೇ ಬರ್ಲಿಲ್ಲ."

ಬಸವಣ್ಣೆಪ್ಪ ಕೈಲಾಶನ ಕಿವಿಯ ಹತ್ತಿರ ಉಬ್ಬಿದ ಗಲ್ಲ ತಂದರು. ಕಿಸೆಯನ್ನು ಮೆಲ್ಲಗೆ ತಟ್ಟಿದರು. "ಬಾಲ ನನ್ನ ಹಂತ್ಯಾಕ ಅದ. ಚಿಂತಿ ಮಾಡಬ್ಯಾಡ, ಕೇಸ್ ಕ್ಲೋಜ್. ಇನ್ಮುಂದ ನನ್ನ ಪಾಳಿ ಯಾವಾಗಲೂ ಮೊದಲನೇದು, ಅಷ್ಟೇ."

"ಕೈಲಾಶ," ಎಂದು ಒಳಗಿನಿಂದ ಡಾಕ್ಟರು ಕರೆದರು. "ಬೇಗಂ ಸಾಹೇಬ್ರ ಹಲ್ಲಿನ ಮೇಣ ಎಲ್ಲಿಟ್ಟಿ?"

ಶಾಕಿರಾ ಬೇಗಂ ತೊಟ್ಟಿಯೊಳಗೆ ತೇಲುತ್ತಿದ್ದ ಗುಲಾಬಿ ಚೂರುಗಳನ್ನು ನೋಡಿದರು, ಕೈಲಾಶನನ್ನು ನೋಡಿದರು. "ಅದಕ್ಕೇ ಬಣ್ಣ ಗುರ್ತಿಂದು ಅನಸ್ತು," ಎಂದರು.

ಅಷ್ಟರಲ್ಲಿ ಕೈಲಾಶನ ಮೊಬೈಲು ಬಡಿದುಕೊಂಡಿತು. ಆಮ್ರಪಾಲಿ. ಬೆಳಿಗ್ಗೆ ಅವನು ಫೋನು ಮಾಡಿ ವಿಷಯ ಹೇಳಿದಾಗಿನಿಂದ ತಡೆದುಕೊಂಡಿದ್ದ ಪ್ರಶ್ನೆಯನ್ನು ಅವಳು ಒಂದೇ ಉಸಿರಿಗೆ ಕೇಳಿದಳು.

"ಝಿಂಗಾ ಬದಕದಾ, ಸತ್ತದಾ?"

"ಬದಕದ," ಎಂದ ಕೈಲಾಶ.

ಆ ಕಡೆ ಅವಳು ಖುಷಿಗೆ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಅದರ ಹಿಂದೆ, ಈ ಹೊತ್ತಿನಲ್ಲಿ ಎಚ್ಚರವಾಗಿರುವ ಒಂದು ಪುಟ್ಟ ದನಿ.

"ಆಯೀ, ಯಾರದು ಫೋನು? ಐತವಾರದ ಮಾಮಾಂದು ಏನು?"